ಐವತ್ತೆಂಟನೆಯ ಪುಟದ ಮದುವೆ

ಅಕ್ಟೋಬರ್ ೬, ೨೦೨೫, ಸೋಮವಾರ. ಬಂಗಾರಪೇಟೆ.

ಬೆಳಗಿನ ಕಾಫಿಗೂ ಮೊದಲು ಕ್ಷಮಾಪಣೆಯ ಪತ್ರ. ಮೂರು ಕರಡು ಹರಿದ ಮೇಲೆ ಹೀಗೆ ನಿಂತಿತು:

"ಅರ್ಚನ ಅವರಿಗೆ, ಶ್ರೀರಾಮಪ್ಪನ ನಮಸ್ಕಾರಗಳು. ಈ ಪುಸ್ತಕದ ಪ್ರತಿಯೊಂದು ಚಿತ್ರಚೌಕವನ್ನೂ ಆಧಾರದೊಡನೆ ತಾಳೆ ನೋಡಿದ್ದೇನೆ, ಅಚ್ಚಿಗೆ ಕೊಡಬಹುದು ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು. ನಲವತ್ತೊಂದನೆಯ ಪುಟದಲ್ಲಿ, ೧೯೯೭ರಲ್ಲಿ, ತೀರಿಕೊಂಡ ಕುಪ್ಪುಸ್ವಾಮಿಯವರು ಐವತ್ತೆಂಟನೆಯ ಪುಟದಲ್ಲಿ, ೨೦೧೨ರಲ್ಲಿ, ಮಗಳ ಮದುವೆಯ ಮಂಟಪದಲ್ಲಿ ನಿಂತಿದ್ದಾರೆ. ಮನ್ನಿಸಬೇಕು. ತಿದ್ದಿ ಕಳುಹಿಸುತ್ತೇನೆ."

ಅರ್ಚನ ಬೆಂಗಳೂರಿನ ಪ್ರಕಾಶಕಿ. ಮೂವತ್ತರ ಹುಡುಗಿ. ನಿನ್ನೆ ದೂರವಾಣಿಯಲ್ಲಿ ನಗುತ್ತ ಕೇಳಿದಳು— "ಸರ್, ದೆವ್ವ ಇಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಾ?" ಸತ್ತವರನ್ನು ನಿಲ್ಲಿಸಿದ್ದಲ್ಲದೆ ತಲೆಯ ಮೇಲೊಂದು ಮಾತಿನ ಗುಳ್ಳೆಯನ್ನೂ ಬರೆದಿದ್ದೆ: "ಮಗಳೇ, ದೀರ್ಘಸುಮಂಗಲಿಯಾಗಿ ಬಾಳು."



ಇಪ್ಪತ್ತೆಂಟು ವರ್ಷ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಈ ಸೀಮೆಯವರ ಬಾಳನ್ನು ಚೌಕಗಳಲ್ಲಿ ಬರೆದವನು. ಸೂಲಗಿತ್ತಿ, ಅಂಚೆಯವನು, ಬೇತಮಂಗಲದ ತೂಬು ಕಾಯುವವನು. ಬೆಳಗ್ಗೆ ಶಾಲೆಯಲ್ಲಿ ಕನ್ನಡ ಪಾಠ, ಸಂಜೆ ಚಿತ್ರ. ಎಲ್ಲರೂ ಕಾಮಿಕ್ಸ್ ಎನ್ನುತ್ತಾರೆ. ನಾನು ಚಿತ್ರಜೀವನಿ ಎನ್ನುತ್ತೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಮೊದಲು ಗುಳ್ಳೆ ಬರೆದು, ಅಕ್ಷರ ತುಂಬಿ, ಒತ್ತಕ್ಷರಗಳಿಗೆ ಸ್ಥಳ ಸಾಕಾಯಿತೆಂದು ಕಂಡ ಮೇಲೆಯೇ ಮುಖ ಬರೆಯುವುದು ನನ್ನ ಪದ್ಧತಿ. ಆಧಾರವಿಲ್ಲದೆ ಒಂದು ಚೌಕವೂ ಇಲ್ಲ. ಅಂಚೆಯವನ ಚೀಲಕ್ಕೆ ಎಷ್ಟು ಗುಂಡಿಯೆಂದು ನೋಡಲು ಆತನ ಮನೆಗೆ ಎರಡು ಬಾರಿ ಹೋದವನು ನಾನು. ಆ ಪುಣ್ಯಾತ್ಮ ಇಂದಿಗೂ ಬೀದಿಯಲ್ಲಿ ನಿಲ್ಲಿಸಿ, "ಮೂಗು ದೊಡ್ಡದ್ ಮಾಡ್ಬುಟ್ರಲ್ಲ" ಎಂದು ದೂರುತ್ತಾನೆ.

ಈಗ ಆ ಹಳೆಯವೆಲ್ಲ ಒಂದು ಪುಸ್ತಕ. ಜೊತೆಗೆ ಹೊಸದೊಂದು ಜೀವನಿ— ಚಿನ್ನದ ಗಣಿಯ ಊರಿಗಾಂನ ಮುನಿಗಂಗಮ್ಮನವರದು. ಕೂಲಿಯಿಂದ ತೊಡಗಿ, ಇಂದು ಸುತ್ತಲಿನ ಮದುವೆಗಳಿಗೆಲ್ಲ ಅಡುಗೆ ಮಾಡಿಸುವ ಹೆಂಗಸು. ಮದುವೆಯ ಚೌಕಕ್ಕೆ ಆಧಾರ ಅವರ ಮನೆಯ ಗೋಡೆಯ ಕಟ್ಟುಹಾಕಿದ ದೊಡ್ಡ ಭಾವಚಿತ್ರ: ಮಗಳು, ಅಳಿಯ, ಎಡಕ್ಕೆ ಸೋದರಮಾವ ದಂಪತಿ, ಬಲಕ್ಕೆ ಮುನಿಗಂಗಮ್ಮ, ಅವರ ಪಕ್ಕ ಗಂಡ ಕುಪ್ಪುಸ್ವಾಮಿ. ಇದ್ದುದನ್ನು ಇದ್ದ ಹಾಗೆ ಬರೆದೆ. ಹಾಗಾದರೆ ತಪ್ಪು ಎಲ್ಲಿ?

ನಾಳೆಯೇ ಹೋಗಿ ಕೇಳಬೇಕು.

ಅಕ್ಟೋಬರ್ ೮, ಬುಧವಾರ.

ನಿನ್ನೆ ಮಂಡಿನೋವು. ಇಂದು ಮಾರಿಕುಪ್ಪಂ ರೈಲು ಹಿಡಿದು ಊರಿಗಾಂ. ಮುನಿಗಂಗಮ್ಮ ಗಣಿಯ ಸಾಲುಮನೆಗಳ ಲೈನಿನಲ್ಲಿ ತಮ್ಮ ಮನೆಯ ಮುಂದೆ ಗೋಣಿ ಹಾಸಿ, ಯಾರದೋ ಮದುವೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಆ ಪಟಾನಾ? ಅದು ಜಾಯಿಂಟ್ ಪಟ ಮೇಷ್ಟ್ರೇ. ಬಾಲಾಜಿ ಟುಡಿಯೋದಾಗೆ ಸೇರ್ಸಿದ್ದು. ನಿಮ್ಗೊತ್ತಿಲ್ವಾ?"

"ನೀವು ಹೇಳಬೇಕಿತ್ತಲ್ಲಮ್ಮ!"

"ಏನಂತ ಏಳೋದು? ಈ ಲೈನ್ನಾಗೆ ಯಾರ್ ಮನೇಗಾದ್ರೂ ಓಗಿ ನೋಡಿ. ಸತ್ತೋರೆಲ್ಲ ಮದ್ವೇಗ್ ಬಂದು ಗೋಡೆ ಮ್ಯಾಲೆ ನಿಂತವ್ರೆ."

ಹೋಗಿಯೇ ನೋಡಿದೆ. ಪಕ್ಕದ ಮನೆಯಲ್ಲಿ, ತಾನು ಕಾಲವಾದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮರಿಮಗನನ್ನು ಒಬ್ಬ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಮಗುವಿನ ಕಾಲು ತೊಡೆಗೆ ತಾಗಿಲ್ಲ, ಅಂಗುಲದಷ್ಟು ಮೇಲೆ ತೇಲುತ್ತಿದೆ. ಅದರಾಚೆಯ ಮನೆಯಲ್ಲಿ ಕಪ್ಪುಬಿಳುಪಿನ ತಂದೆ, ಬಣ್ಣದ ಮಗ. ಇವೆಲ್ಲ ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲ! ಕೆಂಡದಂಥ ಕೋಪ ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

ಹಿಂದಿರುಗಿ ಬಂದಾಗ ಮುನಿಗಂಗಮ್ಮ ನಗುತ್ತಿದ್ದರು. "ಮಾತ್ ಬೇರೆ ಆಡ್ಸಿದೀರಿ ಅವರ್ ಕೈಲಿ. ಬದುಕಿದ್ದಾಗ್ಲೇ ಅಷ್ಟುದ್ದ ಮಾತಾಡ್ದೋರಲ್ಲ ನಮ್ ಯಜಮಾನ್ರು. ಊಂ ಅಂದ್ರೆ ಊಟ, ಊಊಂ ಅಂದ್ರೆ ನಿದ್ದೆ."

"ಅವರನ್ನು ಅಳಿಸಿಬಿಡುತ್ತೇನೆ" ಎಂದೆ.

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. "ಅವ್ರನ್ನ ಅಳಿಸೋದಾದ್ರೆ ನನ್ನೂ ಅಳಿಸ್ಬುಡಿ."

"ನೀವು ಬದುಕಿದ್ದೀರಲ್ಲಮ್ಮ."

"ಬದುಕಿದೀನಿ, ಸರಿ." ಇಷ್ಟೇ ಹೇಳಿ ಮತ್ತೆ ಬೆಳ್ಳುಳ್ಳಿ.

ಇದೆಂಥ ಹಟ. ಸತ್ತ ಗಂಡನ ಜೊತೆ ಚಿತ್ರದಿಂದಲೂ ಸಹಗಮನವೇ? ರೈಲು ತಪ್ಪಿತು. ಬಸ್ಸಿನಲ್ಲಿ ನಿಂತೇ ಬಂದೆ.

ಅಕ್ಟೋಬರ್ ೯, ಗುರುವಾರ.

ಕುಪ್ಪುಸ್ವಾಮಿಯವರನ್ನು ಬಿಳಿಬಣ್ಣದಿಂದ ಮುಚ್ಚಿದೆ. ಮುನಿಗಂಗಮ್ಮನವರ ಪಕ್ಕದಲ್ಲಿ ಈಗ ಬಾಗಿಲಿನಷ್ಟು ದೊಡ್ಡ ಬಿಳಿ. ತುಂಬಲು ಒಂದು ಬಾಳೆಕಂದು ಬರೆದೆ. ಅಸಹ್ಯ. ಅದನ್ನೂ ಮುಚ್ಚಿದೆ.

ವರಲಕ್ಷ್ಮಮ್ಮ ಹಿಂದಿನಿಂದ ಬಗ್ಗಿ ನೋಡಿ, "ಏನ್ರೀ, ಗೋಡೆಗೆ ಸುಣ್ಣ ಹೊಡೀತಿದೀರಾ?" ಎಂದಳು. ಐವತ್ತು ವರ್ಷ ಜೊತೆಯಲ್ಲಿ ಬಾಳಿದವಳ ಮಾತು.

ಅಕ್ಟೋಬರ್ ೧೩, ಸೋಮವಾರ.

ಬಾಲಾಜಿಯ ಸ್ಟುಡಿಯೋ. ನನ್ನಲ್ಲಿ ಎಂಟನೆಯ ತರಗತಿ ಓದಿದವನು. ಈಗ ಮದುವೆ, ನಾಮಕರಣ, ಶ್ರದ್ಧಾಂಜಲಿ, ಎಲ್ಲಕ್ಕೂ ಫಲಕ ಮುದ್ರಿಸುತ್ತಾನೆ. ಬಾಗಿಲಲ್ಲೇ "ಭಾವಪೂರ್ಣ ಶೃದ್ದಾಂಜಲಿ" ಎಂದು ನೇತುಹಾಕಿದ್ದಾನೆ. ನನ್ನ ವಿದ್ಯಾರ್ಥಿ! ಇರಲಿ, ಬಂದ ಕೆಲಸ ಬೇರೆ.

"ಅಯ್ಯೋ ಸಾರ್, ಆ ಪೋಟೋನಾ? ತಲೆ ಮಾತ್ರ ಕುಪ್ಪುಸ್ವಾಮಣ್ಣಂದು. ಮೈ ನಂದು."

"ಏನು?"

"ಅವ್ರದು ಸಂಕ್ರಾಂತಿ ಗ್ರೂಪ್ ಪೋಟೋದಾಗೆ ಕತ್ತಿನ್ ಮೇಲ್ಮಾತ್ರ ಇತ್ತು. ನಾನೇ ಪಂಚೆ ಉಟ್ಕಂಡು ನಿಂತ್ಕಂಡೆ. ಆವಾಗ ಸಣ್ಣಗಿದ್ದೆ ಸಾರ್."

ಆ ಅಂಗಿಯ ಒಂದೊಂದು ಸುಕ್ಕನ್ನೂ ಎಷ್ಟು ಶ್ರದ್ಧೆಯಿಂದ ಬರೆದಿದ್ದೆ! ಎರಡು ದಿನ. ಬಾಲಾಜಿಯ ಹೊಟ್ಟೆಗೆ ಎರಡು ದಿನ.

ಅವನು ಗಣಕದಲ್ಲಿ ಮೂಲಚಿತ್ರಗಳನ್ನು ಹುಡುಕಿ ತೆಗೆದ. ಮೊದಲನೆಯದು ಮದುವೆಯ ದಿನದ್ದು: ಮಂಟಪದಲ್ಲಿ ಹಿರಿಯ ಮಗಳು ರಾಧಾಮಣಿ, ಅಳಿಯ, ಧಾರೆ ಎರೆದ ಸೋದರಮಾವ ಚಿಕ್ಕವೆಂಕಟಪ್ಪ, ಆತನ ಹೆಂಡತಿ. ಮುನಿಗಂಗಮ್ಮ ಇಲ್ಲ. ಎರಡನೆಯದರಲ್ಲಿ, ನೀಲಿ ಪರದೆಯ ಮುಂದೆ ಮುನಿಗಂಗಮ್ಮ ಒಬ್ಬರೇ. ರೇಷ್ಮೆ ಸೀರೆ, ಮಡಿಕೆಯ ಗೆರೆ ಕೂಡ ಬಿಟ್ಟಿಲ್ಲ.

"ಇದು ಯಾವಾಗಿನದು?"

"ಮದ್ವೆ ಆಗಿ ಐದ್ ದಿನಕ್ಕೆ. ಸೀರೆ ಕೈಚೀಲ್ದಾಗಿಟ್ಕಂಡು ಬಂದು ಇಲ್ಲೇ ಉಟ್ಕಂಡ್ರು ಅಕ್ಕ. ಯಜಮಾನ್ರಿಗೆ ಜಾಗ ಬಿಟ್ಟು ನಿಂತ್ಕೋ ಅಕ್ಕಾ ಅಂದೆ. ಜಾಸ್ತೀನೇ ಬಿಟ್ರು. ಅಷ್ಟ್ ಬ್ಯಾಡ, ಅತ್ರ ಬಾ ಅಂದ್ರೆ, ಅವ್ರು ದಪ್ಪಗಿದ್ರು ಅಂದ್ರು."

"ಮದುವೆಯ ದಿನ ಎಲ್ಲಿದ್ದರು?"

ಬಾಲಾಜಿ ನನ್ನ ಮುಖ ನೋಡಿದ. "ವಿಧವೆ ಅಲ್ವಾ ಸಾರ್. ಮಂಟಪ ಎಂಗೆ ಅತ್ತಿ ನಿಂತ್ಕಂತಾರೆ?"

ಅಲ್ಲಿಗೆ ತಿಳಿಯಿತು. ಆ ಪಟದಲ್ಲಿ ಅಂಟಿಸಿದ್ದು ಸತ್ತವರನ್ನು ಮಾತ್ರವಲ್ಲ. ಗಂಡನನ್ನು ಅಳಿಸಿದ ಮೇಲೆ ಅವರಿಗೂ ಅಲ್ಲಿ ನಿಲ್ಲಲು ಆಧಾರವಿಲ್ಲ.

ಮನೆಗೆ ಬಂದು ಮುನಿಗಂಗಮ್ಮನವರನ್ನೂ ಮುಚ್ಚಿದೆ. ಆಮೇಲೆ ಆ ಪುಟ ನೋಡಲಾಗಲಿಲ್ಲ. ಕಪಾಟಿನಲ್ಲಿ ಹಾಕಿ ಬೀಗ.

ಅಕ್ಟೋಬರ್ ೨೪, ಶುಕ್ರವಾರ.

ದೀಪಾವಳಿಯ ಗದ್ದಲ ಮುಗಿಯಿತು. ಇಂದು ಊರಿಗಾಂ. ಈ ಸಲ ಅವರೇ ಹೇಳಿದರು. ಕೇಳದೆಯೇ.

"ಯಾರೂ ಬರ್ಬ್ಯಾಡ ಅನ್ನಲಿಲ್ಲ ಮೇಷ್ಟ್ರೇ. ನಮ್ ತಮ್ಮ, ಅಕ್ಕಾ ನೀನು ಅಡ್ಗೆ ಕಡೆ ನೋಡ್ಕಾ ಅಂದ. ನೋಡ್ಕಂಡೆ. ಗಟ್ಟಿಮೇಳ ಬಾರಿಸ್ದಾಗ ಸಾರ್ಗೆ ಒಗ್ಗರಣೆ ಆಕ್ತಿದ್ದೆ. ಚಟಪಟ ಅಂತಿತ್ತಾ, ಮೇಳ ಸರಿಯಾಗ್ ಕೇಳಿಸ್ಲೂ ಇಲ್ಲ."

ಹಾಗಾದರೆ ಹಾಗೆಯೇ ಬರೆಯೋಣ, ಅದೇ ನಿಜವಲ್ಲವೇ ಎಂದೆ.

"ಬ್ಯಾಡ. ಪಟದಾಗಿದ್ದಂಗೇ ಇರ್ಲಿ. ಮುಂದಿನ್ ತಿಂಗ್ಳು ಇಪ್ಪತ್ಮೂರಕ್ಕೆ ನಮ್ ಚಿಕ್ಕೋಳು ಅಂಬಿಕನ್ ಮದ್ವೆ. ಬುಕ್ಕಾಗೆ ಅಚ್ಚಾಗಿದ್ರೆ, ನೋಡ್ರಪ್ಪ, ಆವತ್ತೂ ನಿಂತಿದ್ಲು, ಇವತ್ತೂ ನಿಂತ್ಕಂತಾಳೆ ಅಂತಾರೆ. ಒಂದ್ಸಾರಿ ನಿಂತೋಳಿಗೆ ಎರಡ್ನೇ ಸಾರಿ ಯಾರೂ ಏನೂ ಅನ್ನಲ್ಲ."

"ಸುಳ್ಳಿಗೆ ನನ್ನ ಲೇಖನಿಯನ್ನು ಸಾಕ್ಷಿ ಹಾಕಲಾರೆನಮ್ಮ."

"ನಿಮ್ ಲೇಖನಿಗೇನಾಗ್ತೈತೆ ಮೇಷ್ಟ್ರೇ? ನಿಂತ್ಕಳೋಳು ನಾನು."

"ಅಮ್ಮ, ಇದು ಜೀವನಚರಿತ್ರೆ. ಪುರಾಣವಲ್ಲ."

ಎದ್ದು ನಿಂತರು. ಸೆರಗು ಕೊಡವಿದರು. "ಅಂಗಾದ್ರೆ ನನ್ ಕತೆ ಕಿತ್ತಾಕ್ಬುಡಿ. ಬ್ಯಾಡ. ಕಾಪಿ ಕುಡ್ಕಂಡೋಗಿ."

ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಮರೆತರೋ, ಬೇಕೆಂದೇ ಮಾಡಿದರೋ.

ಸಂಜೆ ಅರ್ಚನಳಿಗೆ ತಿಳಿಸಿದೆ. "ಸರ್, ಹೊಸ ಕತೆ ಅಂತ ಇರೋದು ಅದೊಂದೇ. ಅದಿಲ್ಲದೆ ಈ ಬುಕ್ ಮಾಡೋಕಾಗಲ್ಲ. ಅವರ ಒಪ್ಪಿಗೆ ಇಲ್ಲದೆ ಹಾಕೋಕೂ ಆಗಲ್ಲ." ಸರಿಯಾದ ಮಾತು. ಸರಿಯಾದುದರಿಂದಲೇ ಸಿಟ್ಟು ಬಂತು. ನನಗೆ ಎಪ್ಪತ್ತನಾಲ್ಕು. ಉದ್ದಗೆರೆ ಎಳೆಯುವಾಗ ಕೈ ನಡುಗುತ್ತದೆ. ಮುಂದಿನ ವರ್ಷ ಮಾಡೋಣ ಎನ್ನುವ ಧೈರ್ಯ ಉಳಿದಿಲ್ಲ.

ಅಕ್ಟೋಬರ್ ೨೭, ಸೋಮವಾರ.

ಹಾಗೆಯೇ ಬಿಟ್ಟರೆ ಏನು ಎಂಬ ಯೋಚನೆ ಬಂತು. ಯಾರಿಗೆ ನಷ್ಟ? ದಿನಾಂಕ ತೆಗೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಬರೆದುದನ್ನು ಓದಿ ನಾಚಿಕೆಯಾಯಿತು. ಹೊಡೆದುಹಾಕುವುದಿಲ್ಲ, ಇರಲಿ.

ನವೆಂಬರ್ ೧, ಶನಿವಾರ.

ರಾಜ್ಯೋತ್ಸವ. ಧ್ವಜಾರೋಹಣಕ್ಕೆ ಕರೆದಿದ್ದರು. ಹಿರಿಯ ಸಾಹಿತಿಗಳು ಎಂದು ಶಾಲು. ಮಾತಾಡಿದ ಮೂವರಲ್ಲಿ ಒಬ್ಬರಾದರೂ ಒಂದು ವಾಕ್ಯವನ್ನು ಪೂರ್ತಿ ಮುಗಿಸಲಿಲ್ಲ. "ಚಿತ್ರಗಾರರಾದ ಇವರು ಕಾರ್ಟೂನ್ ಮೂಲಕ ನಗಿಸುತ್ತ..." ಎಂದರು. ನಾನು ಯಾರನ್ನು ನಗಿಸಿದೆ?

ಮನೆಗೆ ಬಂದವನೇ ಬೀಗ ತೆಗೆದೆ. ಹಳೆಯ ಐವತ್ತೆಂಟನೆಯ ಪುಟ ತೆಗೆದಿಟ್ಟು ಹೊಸ ಹಾಳೆ. ಮೂರು ಚೌಕ.

ಮೊದಲನೆಯದು ಮಂಟಪ. ರಾಧಾಮಣಿ, ಅಳಿಯ, ಚಿಕ್ಕವೆಂಕಟಪ್ಪ, ಹೆಂಡತಿ. ಎರಡನೆಯದು ಛತ್ರದ ಹಿಂಭಾಗ. ಒಲೆ, ಹೊಗೆ, ಮುನಿಗಂಗಮ್ಮನವರ ಬೆನ್ನು. ಮೂರನೆಯದು ನೀಲಿ ಪರದೆ. ಅವರು ಒಬ್ಬರೇ, ಪಕ್ಕದಲ್ಲಿ ಖಾಲಿ. ಪರದೆಯಾಚೆಯಿಂದ ಬಾಲಾಜಿಯ ಗುಳ್ಳೆ: ಹತ್ತಿರ ಬಾ. ಅವರ ಗುಳ್ಳೆ: ಅವರು ದಪ್ಪಗಿದ್ದರು.

ಮೊದಲ ಬಾರಿಗೆ ಪದ್ಧತಿ ಮುರಿದು ಮುಖವನ್ನೇ ಮೊದಲು ಬರೆದೆ. ಗುಳ್ಳೆಗೆ ಸ್ಥಳ ಸಾಲದೆ ಅಕ್ಷರ ಕಿರಿದಾಯಿತು. ಒತ್ತುಗಳು ಇರುಕಿಕೊಂಡಿವೆ. ಇರುಕಿಕೊಳ್ಳಲಿ.

ವರಲಕ್ಷ್ಮಮ್ಮ ಬಂದು ನೋಡಿದಳು. ಏನೋ ಕೊಂಕು ಬರುತ್ತದೆಂದು ಕಾದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, "ಊಟಕ್ಕೇಳಿ, ತಣ್ಣಗಾಗುತ್ತೆ" ಎಂದಷ್ಟೇ ಹೇಳಿದಳು.

ನವೆಂಬರ್ ೫, ಬುಧವಾರ.

ಊರಿಗಾಂಗೆ ಹಾಳೆ ಒಯ್ದೆ. ಮುನಿಗಂಗಮ್ಮ ಕೈ ತೊಳೆದು, ಒರೆಸಿ, ಅಂಚು ಹಿಡಿದು ನೋಡಿದರು. ಬಹಳ ಹೊತ್ತು. ನಾನು ಗೋಡೆಯ ಪಂಚಾಂಗವನ್ನು ಓದುತ್ತ ಕುಳಿತೆ. ಅದರಲ್ಲೂ ಎರಡು ತಪ್ಪು.

ಮದುವೆಯಾಗಲಿರುವ ಅಂಬಿಕ ಒಳಗಿಂದ ಬಂದು ತಾಯಿಯ ಹೆಗಲ ಮೇಲಿಂದ ಬಗ್ಗಿದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ, ಇಪ್ಪತ್ತೆಂಟು ವಯಸ್ಸು.

"ಅಮ್ಮಾ, ಇದೇನಿದು? ಅಕ್ಕನ್ ಮದ್ವೇಲಿ ಸಾರು ತಳ ಇಡಿಯುತ್ತೆ ಅಂತ ಬರ್ಲಿಲ್ಲ ಅಂದಿದ್ದೆ?"

"ತಳಾನೂ ಇಡೀತಿತ್ತು ಕಣೆ."

"ಅಕ್ಕ ಆವತ್ತು ರಾತ್ರಿ ಎಷ್ಟ್ ಬೈದ್ಲು ನಿನ್ನ. ಮಗಳ್ಗಿಂತ ಸಾರೇ ಎಚ್ಚಾಯ್ತು ಅಂತ. ನಾನೂ ಬೈದೆ."

"ಬೈದ್ರಿ. ಊಟ ಚೆನ್ನಾಗೈತೆ ಅಂತಾನೂ ಅಂದ್ರಿ."

ಅಂಬಿಕ ಹಾಳೆಯನ್ನು ಕಿತ್ತುಕೊಂಡಳು. ನನ್ನ ಜೀವವೇ ಹೋಯಿತು. ಇದಕ್ಕೆ ಇನ್ನೊಂದು ಪ್ರತಿಯಿಲ್ಲ. "ಈ ಸಲ ಅಡ್ಗೆ ಬೇರೆಯೋರ್ಗೆ ಕೊಡು. ನೀನು ಬಂದು ನಿಂತ್ಕಾ."

"ಯಾರ್ಗೆ ಕೊಡ್ಲಿ? ಉಪ್ಪಿನ್ ಅಂದಾಜಿಲ್ದೋರ್ಗಾ?"

"ಅಮ್ಮಾ!"

"ಸುಮ್ಕಿರು. ನೀನ್ ಕರುದ್ರೆ ಆಯ್ತಾ? ಮಾವ ಏನಂತಾನೋ, ಗಂಡಿನ್ ಕಡೆಯೋರು ಏನಂತಾರೋ. ನಿನ್ ಮದ್ವೆ ದಿನ ರಂಪ ಬ್ಯಾಡ."

ಹಾಳೆ ನನ್ನ ಕೈಗೆ ಬಂತು. ಒಪ್ಪಿಗೆಯೇ ಎಂದು ಕೇಳಿದೆ.

"ಇದು ನಿಜವಾಗೈತೆ ಮೇಷ್ಟ್ರೇ. ಅದುಕ್ಕೇ ನೋಡಕ್ಕಾಗಲ್ಲ. ಇದನ್ ನೋಡ್ದೋರು, ಪಾಪ, ಅಡ್ಗೆಮನೇಲೇ ಉಳುದ್ಲು ಅಂತಾರೆ. ಅಲ್ಲಿಗೇ ಮುಗುಸ್ಬುಟ್ರೆ ನಂಗ್ ಬ್ಯಾಡ. ಇಪ್ಪತ್ಮೂರಕ್ಕೆ ಬನ್ನಿ. ಆವತ್ತೇ ಏಳ್ತೀನಿ, ಊಂನೋ ಊಊಂನೋ."

ಅರ್ಚನಳಿಗೆ ತಿಳಿಸಿದೆ. ೨೪ರಂದು ಮುದ್ರಣಾಲಯಕ್ಕೆ ಹೋಗಲೇಬೇಕಂತೆ. ೨೩ರೊಳಗೆ ಒಪ್ಪಿಗೆ ಮತ್ತು ತಿದ್ದಿದ ದಿನಾಂಕಗಳು ಬೇಕಂತೆ. ಇಲ್ಲದಿದ್ದರೆ ಇಲ್ಲ. ಅಂದರೆ ನನ್ನ ಇಡೀ ಪುಸ್ತಕ ಈಗ ಒಬ್ಬ ಹೆಂಗಸು ನಾಲ್ಕು ಮೆಟ್ಟಿಲು ಹತ್ತುವಳೋ ಇಲ್ಲವೋ ಎಂಬುದರ ಮೇಲೆ. ನಾನಾದರೋ ಹತ್ತಿ ಎನ್ನಲಾರೆ. ಬರೆಯುವವನು ನಡೆಯುವುದರೊಳಗೆ ಕೈ ಹಾಕಬಾರದು.

ನವೆಂಬರ್ ೧೬, ಭಾನುವಾರ.

ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ ದ್ವಿಚಕ್ರ ವಾಹನದ ಸದ್ದು. ಬೇತಮಂಗಲದಿಂದ ಚಿಕ್ಕವೆಂಕಟಪ್ಪ. ಮುನಿಗಂಗಮ್ಮನವರ ತಮ್ಮ. ಹಸು ಕಟ್ಟಿದ್ದಾನೆ, ಡೇರಿಗೆ ಹಾಲು ಹಾಕುತ್ತಾನೆ. ಲಗ್ನಪತ್ರಿಕೆ ಕೊಟ್ಟ. ಕುಳಿತ. ಎದ್ದ. ಮತ್ತೆ ಕುಳಿತ.

"ಮೇಷ್ಟ್ರೇ, ನನ್ನೂ ಬರ್ದಿದೀರಂತೆ. ಧಾರೆ ಎರೀತಿರೋ ಅಂಗೆ."

"ಬರೆದಿದ್ದೇನೆ."

"ಸಂತೋಷ. ಆದ್ರೆ ಅಕ್ಕನ್ನ ಒಲೆ ಮುಂದೆ ಬರ್ದಿದೀರಂತೆ. ಎರಡೂ ಅಕ್ಕಪಕ್ಕ ನೋಡ್ದೋರು ನನ್ನ ಏನಂತಾರೆ? ಬಾವ ತೀರ್ಕಂಡ್ಮೇಲೆ ಆ ಇಬ್ರು ಮಕ್ಕಳ್ನ ಯಾರ್ ನೋಡ್ಕಂಡಿದ್ದು? ನಾನೇನ್ ಅಕ್ಕನ್ನ ಬರ್ಬ್ಯಾಡ ಅಂದ್ನಾ?"

"ಬಾ ಎಂದಿರಾ?"

ವರಲಕ್ಷ್ಮಮ್ಮ ತಂದ ಕಾಫಿಯನ್ನು ಆರಿಸಿ ಆರಿಸಿ ಕುಡಿದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬರೆಯುವುದು ಸುಲಭವಿತ್ತು.

"ಈ ಸಲ ಕರೆಯುತ್ತೀರಾ?" ನಾಲಗೆ ಜಾರಿತು. ಕೈ ಹಾಕಬಾರದೆಂದು ಬರೆದಿಟ್ಟವನು ನಾನೇ.

"ನಾನ್ ಕರುದ್ರೆ, ಗಂಡಿನ್ ಕಡೆ ಮುದುಕಿ ಒಂದೈತೆ... ನೋಡಾನ ಮೇಷ್ಟ್ರೇ." ಹೋಗುವಾಗ ಬಾಗಿಲಲ್ಲಿ ತಿರುಗಿ, "ನನ್ ಮೀಸೆ ಸರಿಯಾಗ್ ಬಂದೈತಾ?" ಎಂದ.

ಎಲ್ಲರೂ ಒಂದೇ.

ನವೆಂಬರ್ ೨೩, ಭಾನುವಾರ. ಬೆಳಗ್ಗೆ ಒಂಬತ್ತು. ಛತ್ರದಲ್ಲಿ.

ಮೂರನೆಯ ಸಾಲಿನ ಕುರ್ಚಿ. ತೊಡೆಯ ಮೇಲೆ ರಟ್ಟು, ಅದರ ಮೇಲೆ ಈ ದಿನಚರಿ. ನಾದಸ್ವರದವರು ಸಿನಿಮಾ ಹಾಡು ನುಡಿಸುತ್ತಿದ್ದಾರೆ. ಅಂಬಿಕ ಮಂಟಪದಲ್ಲಿ, ಕಣ್ಣು ಅಡುಗೆಮನೆಯ ಬಾಗಿಲ ಕಡೆ. ರಾಧಾಮಣಿ ಅವಳ ಸೀರೆಯ ನೆರಿಗೆ ಸರಿಪಡಿಸುತ್ತ ಆ ಕಡೆಯೇ ನೋಡುತ್ತಿದ್ದಾಳೆ. ಚಿಕ್ಕವೆಂಕಟಪ್ಪ ಹೊಸ ಪಂಚೆ. ನನ್ನನ್ನು ಕಂಡು ಮೀಸೆ ಮುಟ್ಟಿಕೊಂಡ. ಗಂಡಿನ ಕಡೆಯ ಮುದುಕಿ ಮುಂದಿನ ಸಾಲಿನಲ್ಲಿ, ಕೋಲು ಹಿಡಿದು.

ಬಂದ ಕೂಡಲೇ ಹಿಂದೆ ಹೋಗಿ ಮುನಿಗಂಗಮ್ಮನವರನ್ನು ನೋಡಿಬಂದೆ. ಸೌಟು ಕೈಯಲ್ಲಿ. "ತಿಂಡಿ ತಿಂದ್ರಾ? ಮದ್ಲು ತಿನ್ನಿ" ಎಂದರು. ಬೇರೆ ಮಾತಿಲ್ಲ. ಅವರನ್ನು ಯಾರಾದರೂ ಕರೆದರೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಅರ್ಚನ ಎರಡು ಬಾರಿ ಕರೆ ಮಾಡಿದಳು. ದಿನಾಂಕಗಳು ಈಗಲೇ ಬೇಕಂತೆ. ಒಪ್ಪಿಗೆ ಸಿಕ್ಕಲಿ ಸಿಗದಿರಲಿ, ಪಟ್ಟಿ ಮಾಡಿಡುತ್ತೇನೆ. ತಿದ್ದಿದವು:

ಪುಟ ೪೧. ಕುಪ್ಪುಸ್ವಾಮಿಯವರ ಮರಣ, ಕಾಮಾಲೆಯಿಂದ. ೧೪–೭–೧೯೯೭. ಇದು ಸರಿಯಿದೆ. ಇದರ ನಂತರದ ಯಾವ ಪುಟದಲ್ಲಿಯೂ ಅವರು ನಿಂತಿರತಕ್ಕದ್ದಲ್ಲ.

ಪುಟ ೫೮, ಚೌಕ ೧. ಹಿರಿಯ ಮಗಳು ರಾಧಾಮಣಿಯ ವಿವಾಹ. ೧೦–೬–೨೦೧೨. ತಾಯಿ ಈ ಚೌಕದಲ್ಲಿ ಇಲ್ಲ.

ಪುಟ ೫೮, ಚೌಕ ೨. ಅದೇ ದಿನ, ಅದೇ ಮುಹೂರ್ತ. ಅಡುಗೆಮನೆ.

ಪುಟ ೫೮, ಚೌಕ ೩. ಛಾಯಾಚಿತ್ರ. ೧೦–೬–೨೦೧೨ ಎಂದಿದ್ದುದು ತಪ್ಪು. ೧೫–೬–೨೦೧೨ ಎಂದಾಗಬೇಕು.

ಪುಟ ೫೯, ಹೊಸದು, ಇಂದು ರಾತ್ರಿಯೇ ಬರೆಯಬೇಕಾದದ್ದು. ಕಿರಿಯ ಮಗಳು ಅಂಬಿಕಳ ವಿವಾಹ. ೨೩–೧೧–೨೦೨೫. ಧಾರೆ ಎರೆಯುವವರು ಸೋದರಮಾವ. ತಾಯಿ ಅಡುಗೆಮನೆಯಲ್ಲಿ.

ಮೇಲಿನ ಸಾಲಿನ ಕೊನೆಯ ವಾಕ್ಯವನ್ನು ಹೊಡೆದುಹಾಕಬೇಕು. ತಾಯಿ ಅಡುಗೆಮನೆಯ ಬಾಗಿಲಲ್ಲಿ. ಕೈ ಒರೆಸಿಕೊಳ್ಳುತ್ತಿದ್ದಾರೆ. ಚಿಕ್ಕವೆಂಕಟಪ್ಪ ಬಾಯಿ ತೆರೆದ, ಮುಚ್ಚಿದ. ಯಾರೂ ಕರೆದಿಲ್ಲ. ಮುದುಕಿಯ ಮುಂದೆಯೇ ನಡೆದು ಬಂದರು. "ಏನಮ್ಮಾ, ನೀನು..." ಎಂದಿತು ಮುದುಕಿ. "ಅನ್ನ ಬಸ್ದಾಯ್ತು ಅಜ್ಜಿ. ಇನ್ನೇನೂ ಕೆಲ್ಸಿಲ್ಲ ನಂಗೆ ಅಲ್ಲಿ" ಎಂದರು.

ಮತ್ತೆ ತಿದ್ದುಪಡಿ. ತಾಯಿ ಮೆಟ್ಟಿಲ ಮೇಲೆ. ಹಳೆಯ ನೂಲಿನ ಸೀರೆ, ಮಸಿಯ ಕೈ. ನಾದಸ್ವರದವನು ಉಸಿರು ಬಿಟ್ಟ. ಚಿಕ್ಕವೆಂಕಟಪ್ಪ ಪಕ್ಕಕ್ಕೆ ಸರಿದ. ಅಲ್ಲಿಂದಲೇ ಕೂಗುತ್ತಿದ್ದಾರೆ, ಛತ್ರವೆಲ್ಲ ನನ್ನ ಕಡೆ ತಿರುಗುವಂತೆ—

"ಮೇಷ್ಟ್ರೇ, ಊಂ! ಬರ್ಕಂತಿದೀರಾ ಇಲ್ವಾ?"

ಬರೆಯುತ್ತಿದ್ದೇನೆ. ಪುಟ ೫೯. ೨೩–೧೧–೨೦೨೫. ಬೆಳಗ್ಗೆ ಒಂಬತ್ತೂಕಾಲು. ತಾಯಿ ಮಂಟಪದ ಮೇಲೆ, ಮಗಳ ಬಲಕ್ಕೆ.